ಸಂಶೋಧನೆಯ ಓದು: ರೈತ ಕುಟುಂಬಗಳೊಡನೆ ಕೆಲವು ಮಾತು

(ರೈತರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸ)



ಈ ಶಿಬಿರದಲ್ಲಿ ನಿನ್ನೆಯಿಂದ ಬೀಜೋಪಚಾರ, ಮಣ್ಣು ಪರೀಕ್ಷೆ, ಕೀಟ ನಿರ್ವಹಣೆ ಮುಂತಾದ ವಿಷಯಗಳನ್ನು ಕೇಳಿದ್ದೀರಿ. ನನಗೆ ವಹಿಸಿರುವ ವಿಷಯ ಬೆಳೆಯದಲ್ಲ, ಮಕ್ಕಳದು. ಕೃಷಿ ಪದವಿಯನ್ನೋ, ಸಸ್ಯಶಾಸ್ತ್ರ ಪ್ರಾಣಿಶಾಸ್ತ್ರಗಳ ಬಿ.ಎಸ್ಸಿ.ಯನ್ನೋ ಮುಗಿಸಿದ ಮಗ ಅಥವಾ ಮಗಳು 'ಎಂ.ಎಸ್ಸಿ.ಗೆ ಸೇರುತ್ತೇನೆ, ಆಮೇಲೆ ಪಿಎಚ್.ಡಿ. ಮಾಡುತ್ತೇನೆ' ಎಂದಾಗ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ. "ಇಷ್ಟು ವರ್ಷ ಓದಿದ್ದಾಯಿತು. ಇನ್ನೂ ಐದಾರು ವರ್ಷ ಅಲ್ಲಿ ಕೂತು ಓದುವುದು ಏನಿದೆ?" ಈ ಪ್ರಶ್ನೆ ನ್ಯಾಯವಾದದ್ದು. ಮಳೆ ನಂಬಿ ಬದುಕುವ ಮನೆಯಲ್ಲಿ ಐದಾರು ವರ್ಷವೆಂದರೆ ಐದಾರು ಮುಂಗಾರು. ದುಡಿಯಬೇಕಾದ ಒಂದು ಜೊತೆ ಕೈ ಅಷ್ಟು ಕಾಲ ಮನೆಯಲ್ಲಿರುವುದಿಲ್ಲ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ 'ಮುಂದೆ ದೊಡ್ಡ ಕೆಲಸ ಸಿಗುತ್ತದೆ' ಎಂಬುದು. ಈ ಉತ್ತರ ಅರ್ಧ ಮಾತ್ರ ನಿಜ. ಪೂರ್ತಿ ನಂಬಿದವರು ಆಮೇಲೆ ನೊಂದದ್ದನ್ನೂ ನಾನು ನೋಡಿದ್ದೇನೆ. ಆದ್ದರಿಂದ ಕೆಲಸದ ಮಾತನ್ನು ಸ್ವಲ್ಪ ಆಮೇಲೆ ಆಡೋಣ. ಮೊದಲು ಆ ಹುಡುಗ, ಆ ಹುಡುಗಿ ಅಲ್ಲಿ ದಿನವೂ ಏನು ಮಾಡುತ್ತಾರೆ ಎಂಬುದನ್ನು ನೋಡೋಣ.

ಬಿ.ಎಸ್ಸಿ.ವರೆಗಿನ ಓದು ಬೇರೆಯವರು ಆಗಲೇ ಕಂಡುಕೊಂಡಿರುವುದನ್ನು ಕಲಿಯುವ ಓದು. ಪುಸ್ತಕದಲ್ಲಿ ಉತ್ತರವಿದೆ, ಪರೀಕ್ಷೆಯಲ್ಲಿ ಅದನ್ನು ಬರೆಯಬೇಕು. ಎಂ.ಎಸ್ಸಿ.ಯ ಎರಡು ವರ್ಷಗಳಲ್ಲಿ ಮೊದಲ ವರ್ಷದ ಬಹುಭಾಗ ಹೀಗೆಯೇ ಪಾಠ, ಪರೀಕ್ಷೆಗಳಲ್ಲಿ ಕಳೆಯುತ್ತದೆ. ಆಮೇಲೆ ವಿದ್ಯಾರ್ಥಿಗೆ ಒಂದು ಪ್ರಶ್ನೆ ಕೊಡುತ್ತಾರೆ ಅಥವಾ ಅವನೇ ಹುಡುಕಿಕೊಳ್ಳುತ್ತಾನೆ. ಅದಕ್ಕೆ ಯಾವ ಪುಸ್ತಕದಲ್ಲಿಯೂ ಉತ್ತರ ಇರುವುದಿಲ್ಲ. ಪಿಎಚ್.ಡಿ.ಯಲ್ಲಿ ಇದೇ ಕೆಲಸ ಇನ್ನೂ ಆಳವಾಗಿ, ಕಡಿಮೆಯೆಂದರೆ ಮೂರು ವರ್ಷ, ವಾಡಿಕೆಯಲ್ಲಿ ನಾಲ್ಕೈದು ವರ್ಷ ನಡೆಯುತ್ತದೆ. ಒಬ್ಬ ಮಾರ್ಗದರ್ಶಕರು, ಅವರ ಜೊತೆಗೆ ಮೂರು ನಾಲ್ಕು ಅಧ್ಯಾಪಕರ ಒಂದು ಸಲಹಾ ಸಮಿತಿ ಇರುತ್ತದೆ. ಕೊನೆಗೆ ಒಂದು ಪ್ರೌಢ ಪ್ರಬಂಧ. ಅದನ್ನು ಹೊರಗಿನ ವಿಶ್ವವಿದ್ಯಾನಿಲಯದವರು ಓದಿ ಒಪ್ಪಬೇಕು, ಎದುರು ಕುಳಿತು ಪ್ರಶ್ನೆ ಕೇಳಬೇಕು.

ಮಾತು ಬರಿಯ ಗಾಳಿಯಲ್ಲಿ ಬೇಡ, ನಿಮಗೆ ಗೊತ್ತಿರುವ ರಾಗಿಯನ್ನೇ ತೆಗೆದುಕೊಳ್ಳೋಣ. ರಾಗಿಯ ಬೆಂಕಿ ರೋಗ ನೀವೆಲ್ಲ ಕಂಡದ್ದೇ. ಎಲೆಗೆ ಬಂದರೆ ಕಣ್ಣಿನಾಕಾರದ ಚುಕ್ಕೆ, ಕುತ್ತಿಗೆಗೆ ಬಂದರೆ ಅಲ್ಲಿ ಕಪ್ಪಾಗಿ ತೆನೆ ಜಳ್ಳಾಗುತ್ತದೆ. ಒಬ್ಬ ವಿದ್ಯಾರ್ಥಿ ರೋಗ ತಗುಲಿದ ತೆನೆಯನ್ನು ಪ್ರಯೋಗಶಾಲೆಗೆ ತಂದ ಎನ್ನಿ. ಆ ಕಪ್ಪು ಭಾಗದ ಮೇಲೆ ಒಂದಲ್ಲ, ಹತ್ತು ಬಗೆಯ ಬೂಷ್ಟು ಇರುತ್ತದೆ. ರೋಗ ತಂದದ್ದು ಯಾವುದು, ಸತ್ತ ಮೇಲೆ ತಿನ್ನಲು ಬಂದದ್ದು ಯಾವುದು? ಕಳ್ಳ ಯಾರು, ಜಾತ್ರೆಗೆ ಬಂದವರು ಯಾರು ಎಂದು ಬೇರ್ಪಡಿಸುವುದೇ ಮೊದಲ ಕೆಲಸ.

ಇದಕ್ಕೆ ಅವನು ಶಿಲೀಂಧ್ರಕ್ಕೆ ಅಡುಗೆ ಮಾಡಬೇಕು. ಇನ್ನೂರು ಗ್ರಾಂ ಆಲೂಗಡ್ಡೆ ಬೇಯಿಸಿ ಬಸಿದ ನೀರಿಗೆ ಇಪ್ಪತ್ತು ಗ್ರಾಂ ಡೆಕ್ಸ್‌ಟ್ರೋಸ್ ಸಕ್ಕರೆ ಮತ್ತು ಕಡಲ ಪಾಚಿಯಿಂದ ತೆಗೆದ ಅಗರ್ ಎಂಬ ಅಂಟು ಸೇರಿಸಿ ಒಂದು ಲೀಟರ್ ಮಾಡುತ್ತಾರೆ. ಅದನ್ನು ಆಟೋಕ್ಲೇವ್ ಎಂಬ ಪಾತ್ರೆಯಲ್ಲಿಟ್ಟು 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹದಿನೈದು ಇಪ್ಪತ್ತು ನಿಮಿಷ ಬೇಯಿಸುತ್ತಾರೆ. ನಮ್ಮ ಅಡುಗೆಮನೆಯ ಪ್ರೆಷರ್ ಕುಕ್ಕರಿಗೆ ಇದು ಅಣ್ಣ. ಒಳಗಿರುವ ಜೀವಾಣುಗಳೆಲ್ಲ ಸಾಯುತ್ತವೆ. ಆರಿದ ಮೇಲೆ ಗಾಜಿನ ತಟ್ಟೆಯಲ್ಲಿ ಗಂಜಿಯಂತೆ ಗಟ್ಟಿಯಾಗುತ್ತದೆ. ಅದರ ಮೇಲೆ ರೋಗದ ಭಾಗದ ಚೂರನ್ನು ಇಟ್ಟು, ಬೆಳೆದದ್ದರಿಂದ ಸೂಜಿ ಮೊನೆಯಷ್ಟು ತೆಗೆದು ಇನ್ನೊಂದು ತಟ್ಟೆಗೆ, ಅಲ್ಲಿಂದ ಮತ್ತೊಂದಕ್ಕೆ ಸಾಗಿಸಿ, ಒಂದೇ ಬಗೆಯ ಶಿಲೀಂಧ್ರ ಉಳಿಯುವಂತೆ ಮಾಡಬೇಕು. ತಟ್ಟೆಯ ಮುಚ್ಚಳ ಅರೆಗಳಿಗೆ ಹೆಚ್ಚು ತೆರೆದರೂ ಗಾಳಿಯಲ್ಲಿದ್ದ ಹಸಿರು ಬೂಷ್ಟು ಬಂದು ಕೂತುಬಿಡುತ್ತದೆ. ವಾರದ ಕೆಲಸ ಕಸದ ಬುಟ್ಟಿಗೆ. ಮೊದಲ ಮೂರು ತಿಂಗಳು ಬಹುಪಾಲು ಮಕ್ಕಳಿಗೆ ಆಗುವುದು ಇದೇ. ಊರಿಗೆ ಬಂದಾಗ 'ಏನಪ್ಪ ಮಾಡಿದೆ?' ಎಂದು ಕೇಳಿದರೆ ಅವರು ಏನೂ ಹೇಳದೆ ಸುಮ್ಮನಿರುವುದಕ್ಕೆ ಇದೂ ಒಂದು ಕಾರಣ.

ಶಿಲೀಂಧ್ರ ಶುದ್ಧವಾಗಿ ಸಿಕ್ಕಿತು. ಅಲ್ಲಿಗೆ ಮುಗಿಯಿತೇ? ಇಲ್ಲ. 1882ರಲ್ಲಿ ಕ್ಷಯರೋಗದ ರೋಗಾಣುವನ್ನು ಕಂಡುಹಿಡಿದ ಜರ್ಮನಿಯ ರಾಬರ್ಟ್ ಕಾಕ್ ಅವರ ಹೆಸರಿನಲ್ಲಿ ಒಂದು ಕಟ್ಟಳೆ ಇದೆ. ಬೇರ್ಪಡಿಸಿದ ರೋಗಾಣುವನ್ನು ಆರೋಗ್ಯವಾದ ಗಿಡಕ್ಕೆ ಹಚ್ಚಬೇಕು, ಅದೇ ರೋಗ ಬರಬೇಕು, ಆ ಗಿಡದಿಂದ ಮತ್ತೆ ಅದೇ ರೋಗಾಣು ಸಿಗಬೇಕು. ಆಗ ಮಾತ್ರ 'ಇವನೇ ಕಳ್ಳ' ಎಂದು ಹೇಳಬಹುದು. ಪಕ್ಕದಲ್ಲಿ ಬರಿಯ ನೀರು ಸಿಂಪಡಿಸಿದ ಗಿಡಗಳೂ ಇರಬೇಕು. ಅವಕ್ಕೂ ರೋಗ ಬಂದರೆ ಇಡೀ ಪರೀಕ್ಷೆ ರದ್ದು.

ಈ ಬರಿಯ ನೀರಿನ ಗಿಡಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಇದನ್ನು 'ಕಂಟ್ರೋಲ್' ಎನ್ನುತ್ತಾರೆ, ನಾವು ಹೋಲಿಕೆ ತಾಕು ಎನ್ನುತ್ತೇವೆ. ಜೀವವಿಜ್ಞಾನದ ಸಂಶೋಧನೆಯಲ್ಲಿ ವಿದ್ಯಾರ್ಥಿ ಕಲಿಯುವುದರಲ್ಲಿ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲವೆಂದು ನನ್ನ ಅಭಿಪ್ರಾಯ. ಹೊಸ ಔಷಧಿ ಹೊಡೆದೆ, ಬೆಳೆ ಚೆನ್ನಾಗಿ ಬಂತು ಎಂದು ಯಾರಾದರೂ ಹೇಳಬಹುದು. ಹೊಡೆಯದಿದ್ದರೆ ಹೇಗೆ ಬರುತ್ತಿತ್ತು ಎಂದು ತೋರಿಸುವವನು ಮಾತ್ರ ಸಂಶೋಧಕ. ಕೊರೊನಾ ಕಾಲದಲ್ಲಿ ನಿಮ್ಮೆಲ್ಲರ ಮೂಗಿನಿಂದ ಮಾದರಿ ತೆಗೆದು ಪಿ.ಸಿ.ಆರ್. ಪರೀಕ್ಷೆ ಮಾಡಿದರಲ್ಲ, ಅಲ್ಲಿಯೂ ಪ್ರತಿ ಸಲ ಯಾರ ಮಾದರಿಯನ್ನೂ ಹಾಕದ ಒಂದು ನಳಿಕೆಯನ್ನು ಇಡುತ್ತಿದ್ದರು. ಅದು ನಮ್ಮ ಗೊಬ್ಬರ ಹಾಕದ ಮಡಿಗೆ ಸಮ. ಜಿ.ಕೆ.ವಿ.ಕೆ. ಆವರಣದಲ್ಲಿಯೇ ಇರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಜೀವಕೋಶದ ಒಳಗಿನ ಕೆಲಸ ನೋಡುವವರಿಗೂ, ಪಕ್ಕದ ಹೊಲದಲ್ಲಿ ಅವರೆಗಿಡದ ಕಾಯಿಕೊರಕ ಎಣಿಸುವವರಿಗೂ ಈ ನಿಯಮ ಒಂದೇ.

ಹೊಲದ ಪ್ರಯೋಗಕ್ಕೆ ಬಂದರೆ ಇನ್ನೊಂದು ತೊಡಕು ಇದೆ. ಹೊಲವೆಲ್ಲ ಒಂದೇ ಸಮ ಇರುವುದಿಲ್ಲವೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಳಿಜಾರಿನ ಕೆಳಗೆ ತೇವ ಹೆಚ್ಚು, ಮರದ ನೆರಳಿಗೆ ಪೈರು ಸೊರಗು. ಹೊಸ ತಳಿಯನ್ನು ಒಳ್ಳೆಯ ಮೂಲೆಯಲ್ಲಿ ಹಾಕಿ ಹಳೆಯ ತಳಿಯನ್ನು ಮರದ ಕೆಳಗೆ ಹಾಕಿದರೆ ಗೆಲ್ಲುವುದು ತಳಿಯಲ್ಲ, ಮಣ್ಣು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ 1843ರಿಂದ ಗೋಧಿಯ ಮೇಲೆ ಗೊಬ್ಬರದ ಪ್ರಯೋಗಗಳು ನಡೆದಿವೆ. ಎಪ್ಪತ್ತು ವರ್ಷಕ್ಕೂ ಹೆಚ್ಚಿನ ಲೆಕ್ಕ ಕೂಡಿಬಿದ್ದಿತ್ತು. ಅದನ್ನು ಬಿಡಿಸಲು 1919ರಲ್ಲಿ ರೊನಾಲ್ಡ್ ಫಿಶರ್ ಎಂಬ ಗಣಿತಜ್ಞರನ್ನು ಕರೆಸಿದರು. ಪ್ರತಿ ತಳಿ, ಪ್ರತಿ ಗೊಬ್ಬರ ಹಲವು ತಾಕುಗಳಲ್ಲಿ ಬರಬೇಕು, ಯಾವುದು ಎಲ್ಲಿಗೆ ಎಂಬುದನ್ನು ಮನುಷ್ಯನ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿ ನಿರ್ಧರಿಸಬೇಕು ಎಂಬ ಪದ್ಧತಿಯನ್ನು ಅವರು ಕಟ್ಟಿದರು. ಆಮೇಲೆ ವೈದ್ಯರೂ ಇದನ್ನೇ ಹಿಡಿದರು. 1948ರಲ್ಲಿ ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧಿ ಕೊಟ್ಟು ನೋಡಿದ ಪ್ರಸಿದ್ಧ ಪರೀಕ್ಷೆಯ ವರದಿ ಬಂತು. ಅದರಲ್ಲಿ ಯಾವ ರೋಗಿಗೆ ಔಷಧಿ ಎಂಬುದು ಚೀಟಿ ಎತ್ತಿದಂತೆಯೇ ತೀರ್ಮಾನವಾಗಿತ್ತು. ಇಂದು ಆಸ್ಪತ್ರೆಗಳಲ್ಲಿ ನಡೆಯುವ ಔಷಧಿ ಪರೀಕ್ಷೆಗಳ ಹಿಂದೆ ಗೋಧಿ ಹೊಲದ ಬುದ್ಧಿ ಇದೆ ಎಂದು ನಾವು ಸ್ವಲ್ಪ ಹೆಮ್ಮೆಪಟ್ಟರೆ ತಪ್ಪಿಲ್ಲ. ನಮ್ಮ ದೇಶದಲ್ಲಿ ಪಾನ್ಸೆ ಮತ್ತು ಸುಖಾತ್ಮೆ ಎಂಬಿಬ್ಬರು ಬರೆದು 1954ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಪ್ರಕಟಿಸಿದ ಸಂಖ್ಯಾಶಾಸ್ತ್ರದ ಪುಸ್ತಕವನ್ನು ತಿರುವಿಹಾಕದೆ ಕೃಷಿ ಎಂ.ಎಸ್ಸಿ. ಮುಗಿಸಿದವರು ನಮ್ಮ ತಲೆಮಾರಿನಲ್ಲಿ ಕಡಿಮೆ.

ಕೊನೆಗೆ ವಿದ್ಯಾರ್ಥಿ ಹೇಳುವ ಮಾತು ಎಷ್ಟು ಅಳತೆಯದೆಂದು ನೋಡಿ. 'ಈ ತಳಿ ಹೆಚ್ಚು ಇಳುವರಿ ಕೊಟ್ಟಿತು' ಎಂದಷ್ಟೇ ಅವನು ಹೇಳುವಂತಿಲ್ಲ. ನಿಜವಾಗಿ ಎರಡು ತಳಿಗಳಲ್ಲಿ ಏನೂ ವ್ಯತ್ಯಾಸ ಇರದಿದ್ದರೆ, ಇಷ್ಟು ದೊಡ್ಡ ಅಂತರ ಬರಿಯ ಅದೃಷ್ಟದಿಂದ ನೂರರಲ್ಲಿ ಐದು ಸಲಕ್ಕಿಂತ ಕಡಿಮೆ ಬರುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರೆ ಮಾತ್ರ ಸಮಿತಿ ಒಪ್ಪುತ್ತದೆ.

ಒಂದು ಹೋಲಿಕೆ ತಾಕು ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ನಾನೇ ಕಂಡ ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಮಳೆಯಾಶ್ರಿತ ರಾಗಿಗೆ ಸಾರಜನಕದ ಪ್ರಯೋಗವನ್ನು ರೈತರೊಬ್ಬರ ಜಮೀನಿನಲ್ಲಿ ಇಟ್ಟಿದ್ದಳು. ಹೆಕ್ಟೇರಿಗೆ ಏನೂ ಇಲ್ಲ, 25 ಕಿಲೋ, ಶಿಫಾರಸಿನ 50 ಕಿಲೋ, 75 ಕಿಲೋ, ಹೀಗೆ ನಾಲ್ಕು ಬಗೆ. ಪ್ರತಿಯೊಂದೂ ಐದು ಸಲ. ಒಟ್ಟು ಇಪ್ಪತ್ತು ತಾಕು. ಕೊಯ್ಲಿನಲ್ಲಿ ತೂಗಿ ನೋಡಿದರೆ ಗೊಬ್ಬರವಿಲ್ಲದ ಮಡಿಗಳು 50 ಕಿಲೋದ ಮಡಿಗಳ ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ಹುಡುಗಿ ತಲೆ ಮೇಲೆ ಕೈಹೊತ್ತು ಬದುವಿನ ಮೇಲೆ ಕೂತಳು. ಆಗ ಆ ಮನೆಯ ಅಜ್ಜಿ ಬಂದು, "ಅಯ್ಯೋ, ಆ ಮಡಿಗಳು ಮಾತ್ರ ಹಳದಿ ತಿರುಗಿದ್ವು ಕಣವ್ವ. ದಾರೀಲಿ ಹೋಗೋರು ನಮ್ಮ ಹೊಲ ನೋಡಿ ನಗ್ತಾರೆ ಅಂತ ಒಂದೊಂದು ಹಿಡಿ ಯೂರಿಯಾ ಎರಚಿದೆ. ಮಗಾ ಕಷ್ಟಪಡ್ತದೆ, ಚೆಂದಾಗಿ ಬರ್ಲಿ ಅಂತ" ಎಂದರು. ಆ ತಾಯಿಯನ್ನು ಯಾರು ಏನು ಅನ್ನಲಾದೀತು! ಹಳದಿ ತಿರುಗಿದ ಪೈರನ್ನು ನೋಡಿ ಸುಮ್ಮನಿರುವುದು ರೈತಾಪಿ ಜನಕ್ಕೆ ಸಾಧ್ಯವಿಲ್ಲ. ಆದರೆ ಆ ಐದಾರು ಹಿಡಿ ಯೂರಿಯಾಕ್ಕೆ ಹುಡುಗಿಯ ಇಡೀ ಮುಂಗಾರು ಹೋಯಿತು. ಅವಳು ಆ ಅಂಕಿಗಳನ್ನು ಪ್ರಬಂಧದಲ್ಲಿ ಸೇರಿಸಲಿಲ್ಲ. ಮುಂದಿನ ವರ್ಷ ಅದೇ ಹೊಲದಲ್ಲಿ, ಅದೇ ಅಜ್ಜಿಯನ್ನು ಕಾವಲಿಗೆ ಕೂರಿಸಿ ಮತ್ತೆ ಬಿತ್ತಿದಳು. ಇತ್ತ ಅವಳ ಮನೆಯಲ್ಲಿ ಗೊತ್ತಾಗಿದ್ದ ಲಗ್ನ ಒಂದು ವರ್ಷ ಮುಂದಕ್ಕೆ ಹೋಯಿತು. ತಂದೆಗೆ ಅದನ್ನು ಒಪ್ಪಿಸಲು ಅವಳು ಪಟ್ಟ ಪಾಡು ಪ್ರಯೋಗಕ್ಕಿಂತ ದೊಡ್ಡದು. ಸುಳ್ಳು ಅಂಕಿ ಬರೆದಿದ್ದರೆ ಬಹುಶಃ ಯಾರಿಗೂ ತಿಳಿಯುತ್ತಿರಲಿಲ್ಲ. ಅಂಥ ಅಂಕಿ ಮುಂದೆ ಶಿಫಾರಸಾಗಿ ನಿಮ್ಮ ಹೊಲಕ್ಕೇ ಬಂದು ಸೇರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಈಗ ಇನ್ನೊಂದು ಸಂದೇಹ. 'ಇಷ್ಟು ವರ್ಷ ಒಂದೇ ರೋಗ, ಒಂದೇ ಹುಳು, ಒಂದೇ ಕಿಣ್ವದ ಮೇಲೆ ಕಳೆದರೆ ಬೇರೆ ಯಾವುದಕ್ಕೂ ಬಾರದ ಹಾಗೆ ಆಗುವುದಿಲ್ಲವೇ?' ಇದಕ್ಕೆ ನಮ್ಮ ನಾಡಿನ ಕೃಷಿ ಚರಿತ್ರೆಯಲ್ಲಿಯೇ ಒಳ್ಳೆಯ ಉತ್ತರ ಇದೆ.

ಲೆಸ್ಲಿ ಕೋಲ್ಮನ್ ಎಂಬ ಹೆಸರು ಮಲೆನಾಡಿನ ಅಡಿಕೆ ಬೆಳೆಗಾರರಲ್ಲಿ ಹಿರಿಯರಿಗೆ ಗೊತ್ತಿರಬಹುದು. ಅವರು ಕೆನಡಾ ದೇಶದವರು. ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದವರು. ಆ ದಿನಗಳಲ್ಲಿ ಅವರು ಕೆಲಸ ಮಾಡಿದ್ದು ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬಗೆಯ ಮೇಲೆ. ಆ ಕುರಿತ ಅವರ ಲೇಖನ 1908ರಲ್ಲಿ ಜರ್ಮನ್ ಭಾಷೆಯಲ್ಲಿ ಅಚ್ಚಾಯಿತು. ಅದೇ 1908ರಲ್ಲಿ ಅವರು ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ಬಂದರು. ಅಡಿಕೆ ಮರವನ್ನು ಅದಕ್ಕೆ ಮೊದಲು ಕಂಡಿರಲಾರರು. ಇಲ್ಲಿ ಮಳೆಗಾಲದಲ್ಲಿ ಕೊಳೆರೋಗ ಬಂದು ಎಳೆಯ ಕಾಯಿಗಳೆಲ್ಲ ಉದುರಿ, ತೋಟಕ್ಕೆ ತೋಟವೇ ಬರಿದಾಗುತ್ತಿತ್ತು. ಬೆಳೆಗಾರರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಹನಿ ತಾಗದಂತೆ ಕಾಯುತ್ತಿದ್ದರು. ಆ ಉಪಾಯ ಒಳ್ಳೆಯದೇ. ರೋಗ ಹರಡುವುದು ನೀರಿನ ಹನಿಯಲ್ಲಿ ಎಂಬುದನ್ನು ನಮ್ಮ ಹಿರಿಯರು ಹೆಸರಿಡದೆಯೇ ಅರಿತಿದ್ದರು. ಆದರೆ ಪ್ರತಿ ಮರ ಹತ್ತಿ ಪ್ರತಿ ಗೊನೆಗೆ ಕೊಟ್ಟೆ ಕಟ್ಟುವುದು ದುಬಾರಿ, ಎಲ್ಲರಿಗೂ ಆಗುವಂಥದಲ್ಲ.

ಮಣ್ಣಿನ ನೈಟ್ರೇಟಿಗೂ ಅಡಿಕೆಯ ಕೊಳೆಗೂ ಏನು ನಂಟು? ವಿಷಯದಲ್ಲಿ ಏನೂ ಇಲ್ಲ. ಕೆಲಸದ ವಿಧಾನದಲ್ಲಿ ಎಲ್ಲವೂ ಇದೆ. ಕಣ್ಣಿಗೆ ಕಾಣದ ಜೀವಿಯನ್ನು ಬೇರ್ಪಡಿಸಿ ಬೆಳೆಸುವುದು, ಅದು ಯಾವ ಹವೆಯಲ್ಲಿ ಹೆಚ್ಚುತ್ತದೆ ಎಂದು ನೋಡುವುದು, ಹೋಲಿಕೆ ಇಟ್ಟು ಪರೀಕ್ಷಿಸುವುದು, ಇವನ್ನೆಲ್ಲ ಅವರು ಅಲ್ಲಿ ಕಲಿತಿದ್ದರು. ಕೊಳೆಗೆ ಕಾರಣವಾದ ಶಿಲೀಂಧ್ರವನ್ನು ಅವರು ಗುರುತಿಸಿದರು. ಫ್ರಾನ್ಸಿನಲ್ಲಿ 1885ರ ಹೊತ್ತಿಗೆ ಮಿಲಾರ್ಡೆ ಎಂಬ ವಿಜ್ಞಾನಿ ದ್ರಾಕ್ಷಿಯ ರೋಗಕ್ಕೆ ಬಳಕೆಗೆ ತಂದಿದ್ದ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಹೊಂದಿಸಿದರು. 1910ರಲ್ಲಿ ಇದರ ಮೇಲೆ ಒಂದು ಪುಸ್ತಿಕೆ ಹೊರಬಂತು. ಇಂದಿಗೂ ಮುಂಗಾರು ಹಿಡಿಯುವ ಮುನ್ನ ಕೊನೆಗಾರರು ಮರ ಹತ್ತಿ ಹೊಡೆಯುವುದು ಅದೇ ಮದ್ದನ್ನು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಲವತ್ತು ನಲವತ್ತೈದು ದಿನಕ್ಕೆ ಎರಡನೆಯ ಸಿಂಪರಣೆ. ಮುಂದೆ ಕೋಲ್ಮನ್ ಸಂಸ್ಥಾನದ ಕೃಷಿ ನಿರ್ದೇಶಕರಾದರು. 1913ರಲ್ಲಿ ಹೆಬ್ಬಾಳದ ಕೃಷಿ ಶಾಲೆ ಪ್ರಾರಂಭವಾದದ್ದು ಅವರ ಕಾಲದಲ್ಲಿ. ಅವರು ಕಬ್ಬಿಗೆ ಕೈಹಾಕಿದರು, ಕಾಫಿಗೆ ಕೈಹಾಕಿದರು. ಗಟಿಂಗೆನ್‌ನ ಆ ಲೇಖನವನ್ನು ಇಂದು ಯಾರೂ ಓದುವುದಿಲ್ಲ ಎಂದರೂ ನಡೆಯುತ್ತದೆ.

ಆದ್ದರಿಂದ ಮಗಳ ಪ್ರಬಂಧದ ಶೀರ್ಷಿಕೆ ನೋಡಿ 'ಇಷ್ಟು ಚಿಕ್ಕ ವಿಷಯಕ್ಕೆ ನಾಲ್ಕು ವರ್ಷವೇ?' ಎಂದು ಕೇಳಬೇಡಿ. ವಿಷಯ ಚಿಕ್ಕದಾಗಿಯೇ ಇರಬೇಕು. ಮೂರು ನಾಲ್ಕು ವರ್ಷದಲ್ಲಿ ಒಬ್ಬ ವಿದ್ಯಾರ್ಥಿ ಹೊಸ ತಳಿ ಬಿಡುಗಡೆ ಮಾಡುತ್ತಾನೆ ಎಂದು ನಿರೀಕ್ಷಿಸುವುದೂ ತಪ್ಪು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಬೆಳೆಸಿದ ಇಂಡಾಫ್ ರಾಗಿಗಳ ಹೆಸರೇ ಇಂಡಿಯಾ, ಆಫ್ರಿಕ ಎರಡನ್ನೂ ಕೂಡಿಸಿದ್ದು. ರಾಗಿಯಲ್ಲಿ ಸಂಕರಣ ಮಾಡುವುದು ಎಷ್ಟು ಸೂಕ್ಷ್ಮ ಕೆಲಸ ಗೊತ್ತೇ? ಹತ್ತಿಯ ಹೂ ದೊಡ್ಡದು. ರಾಣೆಬೆನ್ನೂರು ಕಡೆಯ ಹೆಣ್ಣುಮಕ್ಕಳು ಸಂಜೆ ಕೇಸರ ತೆಗೆದು ಬೆಳಿಗ್ಗೆ ಪರಾಗ ಸವರಿ ಕ್ರಾಸಿಂಗ್ ಮಾಡುತ್ತಾರೆ. ರಾಗಿಯ ಹೂ ಕಣ್ಣಿಗೆ ಕಾಣುವುದೇ ಕಷ್ಟ, ಅದೂ ತನ್ನ ಪರಾಗವನ್ನು ತಾನೇ ಕಟ್ಟಿಕೊಳ್ಳುವ ಜಾತಿ. ಎರಡು ತಳಿಗಳ ತೆನೆಗಳನ್ನು ಜೊತೆಯಾಗಿ ಕಟ್ಟಿ ಚೀಲ ಹಾಕಿ ಬಿಡುವುದು ಒಂದು ವಿಧಾನ. ನೂರಾರು ಕಾಳಿನಲ್ಲಿ ಎಲ್ಲೋ ಕೆಲವು ಮಿಶ್ರವಾಗುತ್ತವೆ. ತಂದೆ ಗಿಡ ನೇರಳೆ ಬಣ್ಣದ್ದಾಗಿದ್ದರೆ ಸಸಿಯಲ್ಲೇ ಆ ಬಣ್ಣ ನೋಡಿ ಮಿಶ್ರವಾದದ್ದನ್ನು ಆರಿಸಬಹುದು. ಅಲ್ಲಿಂದ ಐದಾರು ತಲೆಮಾರು ಆರಿಸುತ್ತ ಹೋದರೆ ಗುಣ ನೆಲೆನಿಲ್ಲುತ್ತದೆ. ಆಮೇಲೆ ಬೇರೆ ಬೇರೆ ಊರುಗಳಲ್ಲಿ ವರ್ಷಗಟ್ಟಲೆ ಪರೀಕ್ಷೆ. ಈ ಉದ್ದದ ಹಗ್ಗದಲ್ಲಿ ವಿದ್ಯಾರ್ಥಿಯೊಬ್ಬ ಹೊಸೆಯುವುದು ಒಂದು ಗೇಣು.

ಇನ್ನು ಕೆಲಸದ ಮಾತು. ಇದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ಕೃಷಿ ಇಲಾಖೆಯ ಅಧಿಕಾರಿ ಹುದ್ದೆಗೆ, ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆಗೆ ಕೃಷಿ ಪದವಿ ಸಾಕು. ಕೃಷಿ ವಿಜ್ಞಾನ ಕೇಂದ್ರಗಳ ವಿಷಯ ತಜ್ಞರ ಹುದ್ದೆಗೆ ಸ್ನಾತಕೋತ್ತರ ಪದವಿ ಬೇಕು. ಪಿಎಚ್.ಡಿ. ನಿಜವಾಗಿ ಬೇಕಾಗುವುದು ವಿಶ್ವವಿದ್ಯಾನಿಲಯದಲ್ಲಿ ಪಾಠ ಮಾಡಲು, ಸಂಶೋಧನಾ ಸಂಸ್ಥೆಗಳಲ್ಲಿ ಮತ್ತು ದೊಡ್ಡ ಬೀಜ, ಔಷಧಿ ಕಂಪನಿಗಳ ಪ್ರಯೋಗಶಾಲೆಗಳಲ್ಲಿ ಕೆಲಸ ಮಾಡಲು. ಅಂಥ ಹುದ್ದೆಗಳು ಪದವಿ ಪಡೆದವರಿಗಿಂತ ಕಡಿಮೆ. ಸರ್ಕಾರಿ ನೇಮಕಾತಿ ವರ್ಷಗಟ್ಟಲೆ ನಡೆಯದೆ ಇರುವುದೂ ಉಂಟು. ಬೇಗ ಒಂದು ಸಂಬಳ ಬರಬೇಕು ಎಂಬುದಷ್ಟೇ ಗುರಿಯಾಗಿದ್ದರೆ ಬಿ.ಎಸ್ಸಿ. ಆದ ಕೂಡಲೇ ಸ್ಪರ್ಧಾ ಪರೀಕ್ಷೆಗೆ ಕೂರುವುದೇ ಮೇಲು. ಬೇರೆ ಕೆಲಸ ಸಿಗಲಿಲ್ಲ, ಹಾಸ್ಟೆಲಿನಲ್ಲಿ ಇರಬಹುದು ಎಂದು ಪಿಎಚ್.ಡಿ.ಗೆ ಸೇರಿದವರು ನಡುವೆ ಬಳಲುತ್ತಾರೆ. ಹತ್ತು ಸಲ ಕೆಟ್ಟದ್ದನ್ನು ಹನ್ನೊಂದನೆಯ ಸಲ ಮಾಡುವಾಗಲೂ 'ಏಕೆ ಕೆಟ್ಟಿತು?' ಎಂದು ಕುತೂಹಲ ಇರುವ ಮಗುವನ್ನು ಮಾತ್ರ ಕಳಿಸಿ. ಎತ್ತಿಗೆ ಏನೋ ಆಗಿದೆ ಎಂದರೆ ಹಿಂದೆ ಮುಂದೆ ಸುತ್ತಿ ಗಂಟೆಗಟ್ಟಲೆ ನೋಡುವ ಮಕ್ಕಳು ಕೆಲವರಿರುತ್ತಾರೆ. ಅವರ ಅಂಕಪಟ್ಟಿ ಸಾಧಾರಣವಾಗಿದ್ದರೂ ಈ ಕೆಲಸಕ್ಕೆ ಸೈ.

ಹಣದ ವಿಷಯದಲ್ಲಿ ಒಂದೇ ಮಾತು: ಪಿಎಚ್.ಡಿ.ಗಾಗಿ ಜಮೀನು ಮಾರಬೇಡಿ, ಬಡ್ಡಿಸಾಲ ಮಾಡಬೇಡಿ. ಸೇರುವ ಮೊದಲೇ ಶಿಷ್ಯವೇತನ ಇದೆಯೇ, ಎಷ್ಟು ವರ್ಷಕ್ಕೆ ಎಂದು ಕೇಳಿ. ಜೀವವಿಜ್ಞಾನದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಶಿಷ್ಯವೇತನಕ್ಕೆ ಆಯ್ಕೆಯಾದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಹಿರಿಯ ಶಿಷ್ಯವೇತನಕ್ಕೆ ಏರಿದರೆ 42,000 ರೂಪಾಯಿ ಎಂದು ನಿಗದಿಯಾಯಿತು. ಇದು ಎಲ್ಲರಿಗೂ ಸಿಗುವುದಿಲ್ಲ. ಸಿಕ್ಕವರಿಗೂ ಕೆಲವು ಸಲ ಎರಡು ಮೂರು ತಿಂಗಳ ಹಣ ಒಟ್ಟಿಗೆ ತಡವಾಗಿ ಬರುತ್ತದೆ. ಕೃಷಿ ವಿಶ್ವವಿದ್ಯಾನಿಲಯಗಳಿಗೆ ಬೇರೆ ಶಿಷ್ಯವೇತನಗಳಿವೆ. ಅವುಗಳ ಈ ವರ್ಷದ ಮೊತ್ತ ಮತ್ತು ಅರ್ಜಿಯ ದಿನಾಂಕವನ್ನು ಸ್ನಾತಕೋತ್ತರ ಡೀನರ ಕಚೇರಿಯಲ್ಲಿಯೇ ವಿಚಾರಿಸಿ.

ಮಾರ್ಗದರ್ಶಕರನ್ನು ಆರಿಸುವುದು ಕಾಲೇಜನ್ನು ಆರಿಸುವುದಕ್ಕಿಂತ ದೊಡ್ಡದು. ಬಾವಿ ತೋಡಿಸುವ ಮುನ್ನ ಅಕ್ಕಪಕ್ಕದ ಬಾವಿಗಳಲ್ಲಿ ನೀರು ನೋಡುವುದಿಲ್ಲವೇ? ಹಾಗೆಯೇ ಆ ಅಧ್ಯಾಪಕರ ಕೈಕೆಳಗೆ ಈಗ ಓದುತ್ತಿರುವ, ಹಿಂದೆ ಓದಿ ಹೋದ ಇಬ್ಬರು ಮೂವರನ್ನು ನಿಮ್ಮ ಮಗ ಖುದ್ದಾಗಿ ಮಾತನಾಡಿಸಲಿ. ಎಷ್ಟು ವರ್ಷಕ್ಕೆ ಮುಗಿಯಿತು, ತಿದ್ದಲು ಕೊಟ್ಟ ಬರಹ ಎಷ್ಟು ದಿನಕ್ಕೆ ಹಿಂದಿರುಗಿತು, ತಪ್ಪಾದಾಗ ಹೇಗೆ ನಡೆಸಿಕೊಂಡರು ಎಂದು ಕೇಳಲಿ. ನಾನೂ ಮಾರ್ಗದರ್ಶಕನೇ, ನನ್ನ ಬಗ್ಗೆಯೂ ಹೀಗೆಯೇ ವಿಚಾರಿಸಬೇಕು. ಹಳೆಯ ಪ್ರಬಂಧಗಳು ಈಗ ಕೃಷಿಕೋಶ್, ಶೋಧಗಂಗಾ ಎಂಬ ಗಣಕಯಂತ್ರದ ಭಂಡಾರಗಳಲ್ಲಿ ಯಾರು ಬೇಕಾದರೂ ಓದುವಂತೆ ಇವೆ. ಹಣ ಕೊಟ್ಟರೆ ಪ್ರಬಂಧ ಬರೆದುಕೊಡುತ್ತೇವೆ, ಪತ್ರಿಕೆಯಲ್ಲಿ ಹಾಕಿಸುತ್ತೇವೆ ಎಂದು ಬರುವವರನ್ನು ಹೊಸ್ತಿಲ ಒಳಗೆ ಬಿಡಬೇಡಿ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಮಧ್ಯದಲ್ಲಿ ನಿಂತುಹೋಗುವ ಪಿಎಚ್.ಡಿ.ಗಳಲ್ಲಿ ಬಹಳಷ್ಟನ್ನು ನಿಲ್ಲಿಸುವುದು ಪ್ರಯೋಗವಲ್ಲ, ಮದುವೆಯ ಮಾತು. 'ಇಷ್ಟು ಓದಿದರೆ ಗಂಡು ಸಿಗುವುದಿಲ್ಲ' ಎಂದು ಸಂಬಂಧಿಕರು ಹೇಳುತ್ತಾರೆ. ತಲಚೇರಿಯಲ್ಲಿ 1897ರಲ್ಲಿ ಹುಟ್ಟಿದ ಜಾನಕಿ ಅಮ್ಮಾಳ್ ಅಮೆರಿಕದ ಮಿಷಿಗನ್‌ನಲ್ಲಿ ಓದಿ 1931ರಲ್ಲಿ ಡಾಕ್ಟರೇಟ್ ಪಡೆದರು. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯಲ್ಲಿ ಕಬ್ಬನ್ನು ಬೇರೆ ಹುಲ್ಲುಜಾತಿಗಳೊಡನೆ ಸಂಕರಿಸಿ ಅವುಗಳ ವರ್ಣತಂತುಗಳನ್ನು ಎಣಿಸಿದರು. 1945ರಲ್ಲಿ ಇಂಗ್ಲೆಂಡಿನ ಡಾರ್ಲಿಂಗ್ಟನ್ ಅವರೊಡನೆ ಬೆಳೆಗಳ ವರ್ಣತಂತುಗಳ ಕೈಪಿಡಿಯನ್ನು ಹೊರತಂದರು. 1977ರಲ್ಲಿ ಪದ್ಮಶ್ರೀ ಬಂತು. ನಮ್ಮ ಮಂಡ್ಯದ ಗದ್ದೆಗಳಲ್ಲಿ ಬಹುಕಾಲ ಮೆರೆದ ಸಿಒ 419 ಕಬ್ಬೂ ಆ ಕೊಯಮತ್ತೂರು ಸಂಸ್ಥೆಯದೇ. ಅಂಥ ಸಂಸ್ಥೆಯಲ್ಲಿ ಆ ಕಾಲಕ್ಕೆ ಒಬ್ಬ ಹೆಣ್ಣುಮಗಳು ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದರು ಎಂಬುದನ್ನು ನಿಮ್ಮ ಸಂಬಂಧಿಕರಿಗೆ ಹೇಳಿ. ಈಗ ನಿಯಮಗಳೂ ಸ್ವಲ್ಪ ಸಡಿಲವಾಗಿವೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ನಿಯಮದಂತೆ ಪಿಎಚ್.ಡಿ.ಗೆ ಆರು ವರ್ಷದ ಮಿತಿ ಇದ್ದರೆ ಮಹಿಳೆಯರಿಗೆ ಅದರ ಮೇಲೆ ಎರಡು ವರ್ಷ ಸಡಿಲಿಕೆ ಕೊಡಬಹುದು, ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆ ಕೊಡಬಹುದು. ಮದುವೆಯಾದರೂ ಓದು ಮುಂದುವರಿಯುವುದೆಂದು ಬೀಗರ ಮನೆಯವರೊಡನೆ ನಿಶ್ಚಿತಾರ್ಥದ ದಿನವೇ ಮಾತಾಗಲಿ. ಆಮೇಲೆ ನೋಡೋಣ ಎಂದ ಮಾತು ಆಮೇಲೆ ನಡೆಯುವುದಿಲ್ಲ.

ಮಕ್ಕಳು ರಜೆಗೆ ಮನೆಗೆ ಬಂದಾಗ 'ಯಾವಾಗ ಮುಗಿಯುತ್ತದೆ?' ಎಂದು ಬಂದ ದಿನವೇ ಕೇಳಬೇಡಿ. ಈ ಓದಿನಲ್ಲಿ ವರ್ಷದ ಕೊನೆಗೆ ಪಾಸಾಯಿತು ಎಂದು ಹೇಳಿಕೊಳ್ಳಲು ಏನೂ ಇರುವುದಿಲ್ಲ. ಜೊತೆಯವರು ಸಂಬಳ ತರುತ್ತಿರುವಾಗ ತನ್ನ ತಟ್ಟೆಗಳಲ್ಲಿ ಬೂಷ್ಟು ಬರುತ್ತಿದೆ ಎಂಬ ಕೊರಗು ಕೆಲವರನ್ನು ಒಳಗೇ ತಿನ್ನುತ್ತದೆ. ಊಟ ನಿದ್ರೆ ಬಿಟ್ಟು ಮಂಕಾಗಿದ್ದರೆ ಗದರಿಸದೆ ಕೂರಿಸಿಕೊಂಡು ಕೇಳಿ, ವೈದ್ಯರಿಗೆ ತೋರಿಸಿ. ಬಿಟ್ಟುಬರುತ್ತೇನೆ ಎಂದರೆ ಅದಕ್ಕೂ ದಾರಿ ಇದೆ. ಎಂ.ಎಸ್ಸಿ. ಪದವಿ ಕೈಯಲ್ಲಿ ಇದ್ದೇ ಇರುತ್ತದೆ. 'ನಿನ್ನ ಹೊಲದಲ್ಲಿ ಏನು ಪ್ರಯೋಗ ಇದೆ, ನಮಗೂ ತೋರಿಸು' ಎಂದು ಒಂದು ದಿನ ಬಸ್ಸು ಹತ್ತಿ ಹೋಗಿ ನೋಡಿಬನ್ನಿ. ಪೋಷಕರು ಹೀಗೆ ಬಂದದ್ದನ್ನು ನನ್ನ ಸೇವೆಯಲ್ಲಿ ನಾನು ಕಂಡದ್ದು ಬೆರಳೆಣಿಕೆಯಷ್ಟು. ಬಂದವರೆಲ್ಲ ನಮಗೆ ಗೊತ್ತಿಲ್ಲದ ಒಂದಲ್ಲ ಒಂದು ಸಂಗತಿ ಹೇಳಿಯೇ ಹೋಗಿದ್ದಾರೆ.

ಈಗ ನಿಮ್ಮಿಂದ ಬೇಕಾದ ಒಂದು ಸಹಾಯ ಕೇಳುತ್ತೇನೆ. ಮುಂಗಾರಿಗೆ ಮುನ್ನ ವಿದ್ಯಾರ್ಥಿಗಳು ನಿಮ್ಮ ಊರಿಗೆ ಬಂದು ನಾಲ್ಕೈದು ಗುಂಟೆ ಜಾಗ ಕೇಳುತ್ತಾರೆ. ಕೊಡುವ ಮೊದಲು ನೀವೂ ಕೇಳಬೇಕಾದದ್ದಿದೆ. ಎಷ್ಟು ಹಂಗಾಮಿಗೆ, ಬೀಜ ಗೊಬ್ಬರದ ಖರ್ಚು ಯಾರದು, ಹೋಲಿಕೆ ತಾಕಿನಲ್ಲಿ ಇಳುವರಿ ಕಡಿಮೆಯಾದರೆ ಆ ನಷ್ಟ ಯಾರದು, ಬಂದ ಫಲಿತಾಂಶವನ್ನು ನಿಮಗೆ ತಿಳಿಸುತ್ತಾರೆಯೇ ಎಂದು ಕೇಳಿ, ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಒಪ್ಪಿದ ಮೇಲೆ ತಾಕುಗಳ ಗೂಟ ಕೀಳಬೇಡಿ, ಕೊಯ್ಲನ್ನು ಅವರು ಬರುವವರೆಗೆ ತಡೆಯಿರಿ, ಹಳದಿ ತಿರುಗಿದ ಮಡಿಗೆ ಯೂರಿಯಾ ಎರಚಬೇಡಿ. ಇನ್ನೊಂದು ವಿಷಯ ಅವರಿಗೆ ಯಾವ ಪುಸ್ತಕವೂ ಹೇಳುವುದಿಲ್ಲ, ನೀವೇ ಹೇಳಬೇಕು. ಹೊಲದ ಯಾವ ಭಾಗದಲ್ಲಿ ಮಳೆ ನೀರು ನಿಲ್ಲುತ್ತದೆ, ಯಾವ ವರ್ಷ ಎಲ್ಲಿಗೆ ಕೆರೆಗೋಡು ಹೊಡೆಸಿದಿರಿ, ನಿಮ್ಮ ತಂದೆಯ ಕಾಲದಲ್ಲಿ ತಿಪ್ಪೆ ಎಲ್ಲಿತ್ತು, ಕುರಿಮಂದೆ ಕೊನೆಯದಾಗಿ ಯಾವ ಮೂಲೆಯಲ್ಲಿ ತಂಗಿತ್ತು ಎಂಬುದನ್ನೆಲ್ಲ ಅವರು ಮೊದಲ ಗೂಟ ಹೊಡೆಯುವುದಕ್ಕೆ ಮುಂಚೆಯೇ ಹೊಲ ಸುತ್ತಿಸಿ ತೋರಿಸಿ.